ಅತ್ತೆಯ ಏಳು ವಾರ

ಅತ್ತೆ ಕೈ ಎತ್ತಿದರೆ ಬಳೆಗಳೆಲ್ಲ ಸರ್ರನೆ ಮೊಣಕೈವರೆಗೆ ಜಾರುತ್ತಿದ್ದವು. ಆದವಾನಿಯ ಬಳೆಗಾರ ಅವಳಿಗೆ ಶಾಲೆ ಹುಡುಗಿಯರ ಅಳತೆಯ ಬಳೆ ತೊಡಿಸಿದರೂ ಅವು ನಿಲ್ಲುತ್ತಿರಲಿಲ್ಲ.

ಅಪ್ಪನ ಅಕ್ಕ ಅವಳು. ದೇವರ ಹೆಸರಿನಲ್ಲಿ ಊಟ ಬಿಡುವುದಕ್ಕೆ ನಮ್ಮ ಓಣಿಯಲ್ಲಿ ವಾರ ಮಾಡುವುದು ಎನ್ನುತ್ತಾರೆ. ಒಬ್ಬರದು ಸೋಮವಾರ, ಇನ್ನೊಬ್ಬರದು ಶನಿವಾರ. ಅತ್ತೆಗೆ ಏಳು ದಿನವೂ ವಾರವೇ! ಊರಿಗೆಲ್ಲ ಹೋಳಿಗೆ ಬಡಿಸುವಳು, ನೀನೂ ಉಣ್ಣು ಎಂದರೆ "ಇವತ್ತು ನಂದು ವಾರ ಐತ್ರಿ" ಎನ್ನುವಳು. ಹಬ್ಬ ಬಂದರೆ ಹೆಂಗಸರು ಮೊದಲು ಅವಳ ಕಾಲಿಗೆ ಬೀಳುತ್ತಿದ್ದರು. ಕಾಲೇಜಿನಲ್ಲಿದ್ದಾಗ ನಾನು ಊಟ ಬಿಟ್ಟರೆ ಮಾತ್ರ ಅದೇ ಜನ ಸೊಕ್ಕು ಎಂದರು. ಆಸ್ಪತ್ರೆಯಲ್ಲಿ ಸಲೈನ್ ಹಚ್ಚುವವರೆಗೂ ಅಪ್ಪನೂ ಹಾಗೇ ಅಂದ.

ನಾನು ಗುಣವಾದ ಮೇಲೆ ಡಾಕ್ಟರು ಒಂದು ಮಾತು ಹೇಳಿದರು. ಊಟ ಬಿಡುವ ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುತ್ತದೆಯೇ ಎಂದು ಜೀನ್ ಸಂಶೋಧನೆ ನಡೆದಿದೆ, ಇಷ್ಟವಿದ್ದರೆ ಉಗುಳಿನ ಮಾದರಿ ಕೊಡಬಹುದು ಎಂದು. ನಾನು ಒಪ್ಪಿದೆ. ಒಂದು ಬೆಳಿಗ್ಗೆ ಸಂಶೋಧನೆಯ ಹುಡುಗಿ ಮನೆಗೆ ಬಂದಳು. ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದಳು. ನಮ್ಮ ವಂಶದಲ್ಲೇ ಇಲ್ಲ ಎಂದ ಅಪ್ಪ.

ತಿನ್ನಲು ಮಂಡಕ್ಕಿಯ ಉಗ್ಗಾಣಿ ತಂದ ಅತ್ತೆ ತಟ್ಟೆ ಕೆಳಗಿಟ್ಟು ಅಲ್ಲೇ ಕುಳಿತಳು.

"ನಂದೂ ತಗೋ ತಂಗಿ."

"ಅಕ್ಕಾ, ನಿಂದು ದೇವರ ವಾರ," ಎಂದ ಅಪ್ಪ.

"ಯಾವ ದೇವರಪ್ಪಾ? ದೊಡ್ಡಾಕಿ ಆದಾಗಿಂದ ಉಣ್ಣೋ ಗಂಗಾಳ ನೋಡಿದ್ರ ಎದಿ ಒಡಿತೈತಿ. ವಾರ ಅಂದ್ರ ಯಾರೂ ಉಣ್ಣು ಅಂತ ಕಾಡಂಗಿಲ್ಲ."

ನನ್ನನ್ನು ಸಾವಿನ ಹತ್ತಿರ ಒಯ್ದ ಕಾಯಿಲೆಗೇ ನಾನು ಚಿಕ್ಕಂದಿನಿಂದ ಕೈಮುಗಿದಿದ್ದೆ. ಉಗುಳು ಕೊಡುವ ಮೊದಲು ಉಂಡು ಅರ್ಧ ತಾಸಾದರೂ ಆಗಿರಬೇಕು ಎಂದು ಹುಡುಗಿ ಎಲ್ಲರಿಗೂ ಹೇಳುವಂತೆ ಹೇಳಿದಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ಅವಳ ಬಾಯಿ ಒಣಗಿತ್ತು, ಉಗುಳು ಹಿಡಿಯುವ ಆ ಪುಟ್ಟ ಕೊಳವೆ ತುಂಬಲು ಬಹಳ ಹೊತ್ತು ಹಿಡಿಯಿತು.

ಅಂದು ಸಂಜೆ ಅತ್ತೆ ನನ್ನ ಪಕ್ಕ ಕುಳಿತು, ಮತ್ತೆ ಉಣ್ಣತೊಡಗಿದಾಗ ಮೊದಲ ತುತ್ತು ಹೇಗೆ ನುಂಗಿದೆ ಎಂದು ಕೇಳಿದಳು. ಆಮೇಲೆ ನನ್ನ ಸೊಕ್ಕಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳನ್ನೂ ಅದೇ ಡಾಕ್ಟರ ಹತ್ತಿರ ಕರೆದೊಯ್ಯಲು ರೈಲಿನ ಟಿಕೆಟ್ ಮಾಡಿಸಿದೆವು. ಹೊರಡುವ ಮೊದಲೇ ಅವಳ ಹೃದಯ ನಿಂತಿತು.

ಅಂಗಳದ ತುಂಬ ಜನ. ಪುಣ್ಯವಂತಿ ಎನ್ನುತ್ತ ಹೆಂಗಸರು ಅವಳ ಕಾಲು ಮುಟ್ಟಲು ಬಾಗಿದಾಗ ಅಪ್ಪ ಅಡ್ಡ ಬಂದ.

"ಹಂಗ ಅನಬ್ಯಾಡ್ರಿ. ನಮ್ಮಕ್ಕಗ ಜಡ್ಡಿತ್ತು. ನಾವು ಕೈ ಮುಗಕೋಂತ ಕುಂತ್ವಿ."