ಹೊನ್ನಪ್ಪಣ್ಣನ ಮೂರನೆಯ ಕೂಗು

ಇದನ್ನು ಕಥೆ ಎಂದುಕೊಂಡು ಓದುವವರು ಇಲ್ಲಿಗೇ ನಿಲ್ಲಿಸಬಹುದು. ನನಗೆ ಕಥೆ ಕಟ್ಟುವ ಚಪಲವೂ ಇಲ್ಲ, ಈ ವಯಸ್ಸಿನಲ್ಲಿ ಅಷ್ಟು ತ್ರಾಣವೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆ ರಾತ್ರಿ ನನ್ನ ಜೊತೆಗಿದ್ದ ಮನುಷ್ಯ ತೀರಿಕೊಂಡು ಎಷ್ಟೋ ವರ್ಷವಾಯಿತು, ಹಾಗಾಗಿ ಸಾಕ್ಷಿ ಕೇಳಬೇಡಿ.

ಇಷ್ಟು ದಿನ ಬಾಯಿ ಬಿಡದವನು ಈಗ ಹೇಳಲು ಕಾರಣ ಪಕ್ಕದ ಮನೆಯ ಹುಡುಗಿ. ಮೊನ್ನೆ ಗಂಡನ ಜೊತೆ ಜೀಪಿನಲ್ಲಿ ಕಾಡು ಸುತ್ತಿ ಬಂದಿದ್ದಳು. ಆನೆಯ ಫೋಟೋ ತೋರಿಸುತ್ತಾ, "ಅಂಕಲ್, ನಿಮ್ಮ ಕಾಲದಲ್ಲಿ ತಲಘಟ್ಟಪುರದ ಹತ್ರಾನೇ ಆನೆ ಬರ್ತಿತ್ತಂತೆ! ಎಷ್ಟು ಲಕ್ಕಿ ನೀವು!" ಎಂದಳು. ನಾನು ನಕ್ಕೆ. ಅವತ್ತು ರಾತ್ರಿ ಕಣ್ಣು ಮುಚ್ಚಲಿಲ್ಲ.

ಜಯನಗರದಲ್ಲಿ ಆಗಿನ್ನೂ ಮನೆಗಳು ಏಳುತ್ತಿದ್ದವು. ಹಗಲು ನನಗೆ ಅಲ್ಲಿ ಗಾರೆ ಕೆಲಸ. ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಹೋದರೆ, ಸಂಜೆ ಅದೇ ರಸ್ತೆಯಲ್ಲಿ ತುಳಿದುಕೊಂಡು ವಾಪಸ್ಸು. ರಾಗಿ ತೆನೆ ಬಲಿಯುವ ಒಂದೂವರೆ ತಿಂಗಳು ಮಾತ್ರ ರಾತ್ರಿಯೂ ಮನೆಯಲ್ಲಿರುತ್ತಿರಲಿಲ್ಲ. ತಲಘಟ್ಟಪುರದಿಂದ ಆಚೆ, ಕಾಡಿನ ಕಡೆಗಿದ್ದ ನಮ್ಮ ಹೊಲದಲ್ಲಿ ಅಟ್ಟಣೆ ಹತ್ತಿ ಕಾಯಬೇಕು. ನಾಲ್ಕು ಕಂಬದ ಮೇಲೆ ಬಿದಿರು ಹಾಸಿ, ತೆಂಗಿನ ಗರಿ ಹೊದೆಸಿದ ಗೂಡು ಅದು. ಹಂದಿ ದಿನಾ ಬರುತ್ತಿತ್ತು. ಆನೆ ಯಾವಾಗಲೋ ಒಮ್ಮೆ. ಬಂತೆಂದರೆ ವರ್ಷದ ಅನ್ನ ಒಂದೇ ರಾತ್ರಿಗೆ ಹೋಯಿತು. ನಿದ್ದೆಯ ರುಚಿಯೇ ಮರೆತುಹೋಗಿತ್ತು. ಕರಣೆ ಹಿಡಿದು ನಿಂತಲ್ಲೇ ತೂಕಡಿಸಿ ಮೇಸ್ತ್ರಿಯ ಹತ್ತಿರ ಬೈಸಿಕೊಳ್ಳುತ್ತಿದ್ದೆ.

ನಮ್ಮ ಬದುವಿನ ಆ ತುದಿಗೆ ಹೊನ್ನಪ್ಪಣ್ಣನ ಅಟ್ಟಣೆ. ನನಗಿಂತ ಹತ್ತು ವರ್ಷ ದೊಡ್ಡವನು. ಒಡಹುಟ್ಟಿದವನಲ್ಲ, ಆದರೂ ಅಣ್ಣನೇ. ರಾತ್ರಿ ಕಾಯುವವರ ನಡುವೆ ಒಂದು ಕಟ್ಟಳೆ ಇತ್ತು. ಆಗಾಗ ಒಬ್ಬ ತನ್ನ ಅಟ್ಟಣೆಯಿಂದ ಕೂಗಬೇಕು, ಪಕ್ಕದವನು ಓಗೊಡಬೇಕು. ಮೂರು ಸಲ ಕೂಗಿದರೂ ಉತ್ತರ ಬರದಿದ್ದರೆ ಪಂಜು ಹಚ್ಚಿಕೊಂಡು ಇಳಿದು ಹೋಗಿ ನೋಡಲೇಬೇಕು. ಹಾವು ಕಚ್ಚಿರಬಹುದು, ಕೆಳಗೆ ಬಿದ್ದಿರಬಹುದು. ನನಗೆ ಚಳಿಜ್ವರ ಬಂದು ನಾಲಿಗೆ ಏಳದಿದ್ದ ವರ್ಷ ಹೊನ್ನಪ್ಪಣ್ಣ ಹಾಗೇ ಬಂದು, ನನ್ನನ್ನು ಹೆಗಲ ಮೇಲೆ ಹೊತ್ತು ಊರು ಮುಟ್ಟಿಸಿದ್ದ.

"ಮೂರಕ್ಕೂ ಓಗೊಡ್ಲಿಲ್ಲ ಅಂದ್ರೆ ನಾನು ಬಂದೇ ಬರ್ತೀನಿ ಕಣ್ಲಾ," ಎನ್ನುತ್ತಿದ್ದ.

ನಾವು ಕಟ್ಟುತ್ತಿದ್ದ ಮನೆಯ ಯಜಮಾನರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಮೆತ್ತಗಿನ ಮನುಷ್ಯ. ಅವರಿಗೆ ಇದ್ದದ್ದು ಒಂದೇ ಆಸೆ. ಸರ್ಕಸ್ಸಿನದಲ್ಲ, ದೇವಸ್ಥಾನದ್ದಲ್ಲ, ತನ್ನ ಪಾಡಿಗೆ ತಾನು ಮೇಯುವ ಕಾಡಾನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ನಮ್ಮ ಕಡೆ ಹಿಂಡು ಇಳಿದಿದೆ ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ನನ್ನ ಬೆನ್ನು ಬಿದ್ದರು.

"ಒಂದು ರಾತ್ರಿ ಕಣಪ್ಪ ಮರಿಯಪ್ಪ. ನಾನು ಎದ್ದಿರ್ತೀನಿ, ನೀನು ನಿದ್ದೆ ಮಾಡು."

ನಿದ್ದೆ ಮಾಡು… ಆ ಒಂದು ಮಾತಿಗೆ ನಾನು ಒಪ್ಪಿಬಿಟ್ಟೆ.

ಕತ್ತಲಾಗುವ ಹೊತ್ತಿಗೆ ಇಬ್ಬರೂ ಅಟ್ಟಣೆ ಹತ್ತಿದೆವು. ಅರ್ಧ ಚಂದ್ರನಿದ್ದ. ಇಬ್ಬನಿ ಕುಡಿದ ರಾಗಿಯ ಹಸಿ ವಾಸನೆ, ನನ್ನ ಕಂಬಳಿಯ ಮುಗ್ಗಲು, ಮೇಷ್ಟ್ರ ಫ್ಲಾಸ್ಕಿನ ಕಾಫಿ…

"ಆನೆ ಯಾವ ಕಡೆಯಿಂದ ಬರುತ್ತಪ್ಪಾ?"

"ಹೆಸ್ರು ಎತ್ಬೇಡಿ ಮೇಷ್ಟ್ರೇ. ರಾತ್ರಿ ಹೊತ್ತು ದೊಡ್ಡೋರು ಅನ್ನಿ."

ಅಷ್ಟರಲ್ಲಿ ಹೊನ್ನಪ್ಪಣ್ಣನ ಕೂಗು ಬಂತು. "ಓ… ತಮ್ಮಾ…"

"ಓ… ಅಣ್ಣಾ…" ಎಂದೆ. ಮೇಷ್ಟ್ರು ಬೆಚ್ಚಿಬಿದ್ದರು.

"ಹೀಗೆ ಕೂಗ್ತಿದ್ರೆ ಅವು ಬರೋದಾದ್ರೂ ಹೇಗೆ?"

"ಬರದೇ ಇರ್ಲಿ ಅಂತಾನೇ ಅಲ್ವಾ ಕೂಗೋದು."

"ಇವತ್ತೊಂದು ರಾತ್ರಿ ಸುಮ್ಮನಿರೋ. ನಿನಗೆ ಕೈ ಮುಗೀತೀನಿ. ಇನ್ನೊಂದು ಸಲ ಕೇಳಲ್ಲ."

ಒಂದು ಮೂಲೆ ಮೇದರೆ ಮೇಯಲಿ ಎನ್ನುವಷ್ಟು ದಣಿದಿದ್ದೆ. ಸುಮ್ಮನಿರುವುದಾದರೆ ಹೊನ್ನಪ್ಪಣ್ಣನಿಗೆ ಹೇಳಿ ಬರಬೇಕಿತ್ತು. ಇನ್ನೂರು ಹೆಜ್ಜೆ, ಅಷ್ಟೇ. ಏಣಿ ಇಳಿದು, ಬದುವಿನ ಮೇಲೆ ಹೋಗಿ, "ಅಣ್ಣಾ, ಇವತ್ತು ನಾನು ಓಗೊಡಲ್ಲ, ಗಾಬರಿ ಬೀಳ್ಬೇಡ" ಅಂದು ಬಂದಿದ್ದರೆ ಮುಗಿಯುತ್ತಿತ್ತು. ನನ್ನ ಕಾಲು ಏಳಲಿಲ್ಲ. ಹೇಗೂ ಅವನೇ ಬರುತ್ತಾನೆ, ಬಂದಾಗ ಹೇಳಿದರಾಯಿತು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಮತ್ತೆ ಕೂಗು. "ಓ… ತಮ್ಮಾ…"

ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದುಕೊಂಡರು. ನಾನು ಓಗೊಡಲಿಲ್ಲ.

"ಓ… ತಮ್ಮಾ…" ಈ ಸಲ ಸ್ವಲ್ಪ ಜೋರು.

ಮೂರನೆಯದು ಬಂದಾಗ ಅದರಲ್ಲಿ ಆತಂಕವಿತ್ತು. ಅದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇವತ್ತಿಗೂ ನನಗೆ ನಾನೇ ಸುಳ್ಳು ಹೇಳಿಕೊಳ್ಳಲಾರೆ.

ಆ ಕಡೆ ಪಂಜು ಹೊತ್ತಿಕೊಂಡಿತು. ಏಣಿ ಇಳಿಯಿತು. ಬದುವಿನ ಮೇಲೆ ಅಲುಗಾಡುತ್ತಾ ನಮ್ಮ ಕಡೆ ಬರತೊಡಗಿತು. ಸರಿ, ಬರುತ್ತಿದ್ದಾನೆ… ಎಂದುಕೊಳ್ಳುತ್ತಲೇ ನನ್ನ ಕಣ್ಣು ಕೂತುಬಿಟ್ಟಿತು.

ಮೇಷ್ಟ್ರು ಭುಜ ಅಲುಗಿಸಿದಾಗ ಎಚ್ಚರವಾಯಿತು. ಮೊದಲು ಮೂಗಿಗೆ ಬಡಿದದ್ದು ವಾಸನೆ. ಹಳೆಯ ಲದ್ದಿ, ಕೆಸರು, ಜಜ್ಜಿದ ಸೊಪ್ಪು… ಅದನ್ನು ಒಮ್ಮೆ ಉಸಿರಾಡಿದವನು ಮರೆಯುವುದಿಲ್ಲ.

"ಬಂದಿವೆ…" ಎಂದು ಕಿವಿಯಲ್ಲಿ ಉಸುರಿದರು.

ಬದುವಿನ ನಡುಮಧ್ಯೆ ಒಂದು ಹೊಂಗೆ ಮರ ಇತ್ತು. ಅದರ ಬುಡದಲ್ಲಿ ಕಪ್ಪಗೆ ನಾಲ್ಕೈದು ನಿಂತಿದ್ದವು. ಒಂದರ ಕಾಲ ಸಂದಿಯಲ್ಲಿ ಮರಿ. ಪಂಜು ಎಲ್ಲೂ ಕಾಣಲಿಲ್ಲ.

"ಅಣ್ಣ ಎಲ್ಲಿ ಮೇಷ್ಟ್ರೇ?"

"ಬೆಳಕು ಆ ಮರದ ಹತ್ರ ಬಂತು… ಆಮೇಲೆ ಆರ್ಹೋಯ್ತು. ಒಂದು ಸದ್ದಿಲ್ಲ. ಇವನ್ನ ನೋಡಿ ವಾಪಸ್ ಹೋಗಿರ್ಬೇಕು."

ಹೋಗಿ ನೋಡಲೇಬೇಕು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಆ ಗಳಿಗೆಯಲ್ಲೇ…

"ಓ… ತಮ್ಮಾ…"

ಹೊನ್ನಪ್ಪಣ್ಣನ ದನಿ. ಅವನ ಅಟ್ಟಣೆಯ ಕಡೆಯಿಂದಲೇ. ಉಸಿರು ಬಂದ ಹಾಗಾಯಿತು. ಕಾಲು ಮೇಲೆಳೆದುಕೊಂಡೆ. ಓಗೊಡಲು ಆನೆಗಳ ಭಯ. ಅವನು ಎರಡನೆಯ ಸಲ ಕೂಗಲೂ ಇಲ್ಲ. ಒಂದೇ ಕೂಗು, ಆಮೇಲೆ ನಿಶ್ಶಬ್ದ.

ಮೇಷ್ಟ್ರು ತಾವು ತಂದಿದ್ದ ದುರ್ಬೀನು ಕಣ್ಣಿಗಿಟ್ಟುಕೊಂಡೇ ಇದ್ದರು. ಆನೆಗಳು ರಾಗಿಗೆ ಬಾಯಿ ಹಾಕಲಿಲ್ಲ. ಹೊಂಗೆಯ ಕೊಂಬೆ ಮುರಿಯುತ್ತಿದ್ದವು. ಲಟ್… ಲಟ್… ಮುರಿದದ್ದನ್ನು ತಿನ್ನದೆ ನೆಲದ ಮೇಲೆ ಇಡುತ್ತಿದ್ದವು. ಒಂದು ಇಟ್ಟ ಮೇಲೆ ಇನ್ನೊಂದು. ಮರಿಯೂ ಸೊಂಡಿಲಲ್ಲಿ ಮಣ್ಣು ಎತ್ತಿ ಎರಚುತ್ತಿತ್ತು.

"ಏನೋ ಆಟ ಕಣಪ್ಪಾ ಇದು! ಎಷ್ಟು ಜೋಪಾನವಾಗಿ ಇಡ್ತಿವೆ ನೋಡು…" ಮೇಷ್ಟ್ರ ಕಣ್ಣಲ್ಲಿ ನೀರು. "ನನ್ನ ಜನ್ಮ ಸಾರ್ಥಕ ಆಯ್ತು ಮರಿಯಪ್ಪ."

ನನಗೆ ಆ ಆಟ ಹಿಡಿಸಲಿಲ್ಲ. ಸುಮಾರು ಹೊತ್ತು ಕಾದು ಇನ್ನೊಮ್ಮೆ ಏಣಿಗೆ ಕಾಲಿಟ್ಟೆ. ಇನ್ನೊಮ್ಮೆ ಅದೇ ಕೂಗು. ಮತ್ತೆ ಕಾಲು ಮೇಲೆಳೆದುಕೊಂಡೆ. ಇನ್ನೂರು ಹೆಜ್ಜೆಯ ಆಚೆ, ಕತ್ತಲಲ್ಲಿ, ನಾನು ಕಾಲಿಟ್ಟದ್ದು ಅವನಿಗೆ ಹೇಗೆ ಕಾಣುತ್ತದೆ?

"ನಿಮಗೂ ಕೇಳಿಸ್ತಾ?" ಎಂದೆ.

"ಕೇಳಿಸ್ದೆ ಏನು? ನಿಮ್ಮಣ್ಣ ಅಲ್ವಾ," ಎಂದರು ಮೇಷ್ಟ್ರು, ದುರ್ಬೀನು ಇಳಿಸದೆ.

ಬೆಳಗಿನ ಜಾವದವರೆಗೆ ಆ ಕೂಗು ಐದಾರು ಸಲ ಬಂತು. ಕೋಳಿ ಕೂಗುವ ಹೊತ್ತಿಗೆ ಹಿಂಡು ಕಾಡಿನ ಕಡೆ ತಿರುಗಿತು. ಕೊನೆಯದು ಹೊಂಗೆಯ ಬುಡದಲ್ಲಿ ನಿಂತು, ಸೊಂಡಿಲು ಚಾಚಿ ಆ ಗುಡ್ಡೆಯನ್ನು ಮೂಸಿ, ಆಮೇಲೆ ಹೊರಟಿತು. ನಾನು ಗಂಟಲು ಹರಿಯುವ ಹಾಗೆ, "ಓ… ಅಣ್ಣಾ…" ಎಂದು ಕೂಗಿದೆ. ಮೂರು ಸಲ ಕೂಗಿದೆ. ಉತ್ತರ ಬರಲಿಲ್ಲ.

ಪಂಜು ಬೇಕಾಗಿರಲಿಲ್ಲ, ಬೆಳಕಾಗಿತ್ತು. ಬದುವಿನ ಮೇಲೆ ಮೇಷ್ಟ್ರು ನನ್ನ ಹಿಂದೆಯೇ ಬಂದರು. ಹಸಿ ಸೊಪ್ಪಿನ ಗುಡ್ಡೆ ನಮ್ಮ ಸೊಂಟದ ಎತ್ತರಕ್ಕಿತ್ತು. ಅದರ ಪಕ್ಕದಲ್ಲಿ ಆರಿದ ಪಂಜು. ನಾನು ಮೇಲಿನ ಒಂದು ಕೊಂಬೆ ತೆಗೆದೆ. ಅಲ್ಲಿ ಒಂದು ಕೈ ಇತ್ತು.

ಮೇಷ್ಟ್ರು ಊರಿನ ಕಡೆ ಓಡಿದರು.

ಊರವರು ಬಂದರು. ಸೊಪ್ಪಿನಡಿ ಹೊನ್ನಪ್ಪಣ್ಣನ ಮೈ ಮರಗಟ್ಟಿಹೋಗಿತ್ತು. ಆನೆ ತಾನು ಕೊಂದವರ ಮೇಲೆ ಹೀಗೇ ಸೊಪ್ಪು ಮುಚ್ಚುತ್ತದೆ, ರಾತ್ರಿ ಮೊದಲ ಜಾವದಲ್ಲೇ ಹೋಗಿರಬೇಕು ಎಂದರು ಹಿರಿಯರು. ಹೊನ್ನಪ್ಪಣ್ಣನ ಆಚೆ, ನನ್ನ ಕಿವಿಗೆ ಎಟುಕದಷ್ಟು ದೂರದ ಹೊಲದ ತಿಮ್ಮಯ್ಯ ಮಾತ್ರ ಒಪ್ಪಲಿಲ್ಲ. "ಬೆಳಗಿನ ಜಾವದವರ್ಗೂ ಕೂಗ್ತಾನೇ ಇದ್ದ ಕಣ್ರಪ್ಪಾ! ನಾನೇ ಓಗೊಟ್ಟಿದ್ದೀನಿ. ಅವನು ಕೂಗ್ತಿದ್ದ ಅಂತಲೇ ನಾನು ಇಳೀಲಿಲ್ಲ," ಎಂದು ಎದೆ ಬಡಿದುಕೊಂಡ. ಹೊನ್ನಪ್ಪಣ್ಣನ ಅಟ್ಟಣೆ ಹತ್ತಿ ನೋಡಿದೆವು. ಅವನ ಕಂಬಳಿ ಮಡಿಸಿದ ಹಾಗೇ ಇತ್ತು, ಇಬ್ಬನಿಯಲ್ಲಿ ನೆನೆದು. ಅಲ್ಲಿ ರಾತ್ರಿಯೆಲ್ಲ ಯಾರೂ ಕೂತಿರಲಿಲ್ಲ.

ಹನ್ನೊಂದನೆಯ ದಿನ ಅವನ ಹೆಂಡತಿ ನನ್ನನ್ನು ಒಳಗೆ ಕರೆದಳು. "ರಾತ್ರಿಯೆಲ್ಲ ಕೂಗ್ತಿದ್ರಂತಲ್ಲ ತಮ್ಮಾ… ನೀನು ಓಗೊಟ್ಟೆ ತಾನೇ?" ಎಂದಳು.

"ಹೂಂ ಅತ್ತಿಗೆ," ಎಂದೆ.

ಅವಳಿಗೆ ಸಮಾಧಾನವಾಯಿತು. ನನಗೆ ಆವತ್ತಿನಿಂದ ಇಲ್ಲ. ಮೇಷ್ಟ್ರು ಆ ಮನೆಯ ಗೃಹಪ್ರವೇಶವನ್ನು ನಾಲ್ಕು ಜನರ ಎದುರು ಮುಗಿಸಿದರು. ಆನೆಯ ಚಿತ್ರದ ಒಂದು ಗೆರೆಯನ್ನೂ ಅವರು ಆಮೇಲೆ ಎಳೆಯಲಿಲ್ಲ ಎಂದು ಅವರ ಮನೆಯವರು ಹೇಳಿದರು. ನಾವಿಬ್ಬರೂ ಎದುರು ಸಿಕ್ಕರೆ ತಲೆ ತಗ್ಗಿಸಿ ದಾಟುತ್ತಿದ್ದೆವು.

ಅವನು ಯಾಕೆ ಕೂಗಿದ? ನಾನು ಇಳಿಯದಿರಲಿ ಎಂದೇ? ಇಳಿದಿದ್ದರೆ ನನ್ನ ಮೇಲೂ ಸೊಪ್ಪು ಬೀಳುತ್ತಿತ್ತು, ನಿಜ. ಇಲ್ಲ, ಉತ್ತರಕ್ಕೆ ಕಾಯುತ್ತಿದ್ದನೇ? ನನಗೆ ತಿಳಿಯದು.

ಆ ಹೊಲದಲ್ಲಿ ಈಗ ಮನೆಗಳಿವೆ, ನನ್ನದೂ ಒಂದು. ಬದು ಇದ್ದ ಕಡೆ ಟಾರು ರಸ್ತೆ. ರಾಗಿ ಬಲಿಯುವ ತಿಂಗಳಲ್ಲಿ, ಬಸ್ಸು ನಿಂತ ಮೇಲೆ, ಕೆಲವು ರಾತ್ರಿ ಅದು ಬರುತ್ತದೆ. "ಓ… ತಮ್ಮಾ…" ಮೊದಲ ಕೂಗಿಗೇ ಎದ್ದು ಕೂತು ಕಿಟಕಿಯ ಕಡೆ ಮುಖ ಮಾಡಿ ಓಗೊಡುತ್ತೇನೆ. ಮಗ ಸೊಸೆ ಇದನ್ನು ವಯಸ್ಸಿನ ಮರುಳು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಆದರೆ ಈಗ ಕಿವಿ ಮಂದವಾಗಿದೆ. ಮಾತ್ರೆ ನುಂಗಿದರೆ ಹೆಣದ ನಿದ್ದೆ. ನಿನ್ನೆ ರಾತ್ರಿ ಕೂಗಿಗೆ ಎಚ್ಚರವಾದಾಗ, ಅದು ಮೊದಲನೆಯದೋ ಎರಡನೆಯದೋ ತಿಳಿಯಲಿಲ್ಲ… ಮೂರಕ್ಕೂ ಓಗೊಡದಿದ್ದರೆ ಬಂದೇ ಬರುತ್ತೇನೆ ಎಂದವನು ಅವನು. ಮಾತಿಗೆ ತಪ್ಪುವವನಲ್ಲ.