ಪಾರ್ಟಿ ಇಲ್ಲದ ನಮ್ಮ ಕಾಲೇಜು

ಗೆಳೆಯರೇ, ಯಾದಗಿರಿಯ ನಮ್ಮ ಕಾಲೇಜಿಗೆ ಇವತ್ತು ಒಂದು ಅಡ್ಮಿಷನ್ ನನ್ನ ಬಾಯಿಂದಲೇ ತಪ್ಪಿತು. ದೋರನಹಳ್ಳಿಯ ಕುರಿಗಾರ ನಿಂಗಪ್ಪ ಮಗಳನ್ನು ಕರೆತಂದಿದ್ದರು.

"ನನಗ ಶಹಾಪುರದ ಕಾಲೇಜ್ ಬೇಕ್ರಿ. ಅಲ್ಲಿ ವೆಲ್‌ಕಮ್ ಪಾರ್ಟಿ, ಡಿಜೆ ಎಲ್ಲಾ ಐತ್ರಿ" ಎಂದಳು ಹುಡುಗಿ.

ನಾನು ಅಪ್ಪನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದೆ: "ನಮ್ಮಲ್ಲಿ ಪಾರ್ಟಿ, ಡ್ಯಾನ್ಸ್ ಏನೂ ಇಲ್ರಿ. ಹುಡುಗ್ರು ಒಬ್ಬರ ಜೋಡಿ ಒಬ್ಬರು ಮಾತು ಸೈತ ಆಡಂಗಿಲ್ಲ."

ನಿಂಗಪ್ಪ ಗಾಬರಿಯಾದರು. "ಹೊಸಾ ಕುರಿ ಹಿಂಡಿನಾಗ ಬೆರಿಲಿಲ್ಲಂದ್ರ ಮೇವು ಮುಟ್ಟಂಗಿಲ್ರಿ ಸರ. ನಡಿಯವ್ವಾ, ಶಹಾಪುರಕ್ಕ ಹೋಗೂನು."

ಬಾಗಿಲಲ್ಲಿ ತಿರುಗಿ ನಿಂತು ನನ್ನನ್ನು ಕನಿಕರದಿಂದ ನೋಡಿದರು. "ನೀವರೆ ಇಲ್ಲಿ ಹೆಂಗ ಇದ್ದೀರಿ?"

ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆ. ಕಲಿಸುವುದು ಸಮಾಜಶಾಸ್ತ್ರ.