ಗೀಚಿ ಹಾಕಿದ ಮೈನಸ್ ಐದು

ಮಲತಾಯಿ ಕಾಟ ಎಂದರೆ ಸಾಕು, ಊರಿಗೆ ಊರೇ ಕಿವಿ ನಿಮಿರಿಸುತ್ತದೆ. ನಮ್ಮ ಮನೆಯಲ್ಲಿ ಕಾಟ ಕೊಟ್ಟವಳು ನಾನು. ಹೇಳಿದರೂ ಯಾರೂ ನಂಬುವುದಿಲ್ಲ, ಈಗ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ.

ಅವ್ವ ತೀರಿಕೊಂಡು ವರ್ಷ ತುಂಬುವ ಮೊದಲೇ ಅಪ್ಪ ಮಾಗಡಿ ಕಡೆಯಿಂದ ಇನ್ನೊಬ್ಬಳನ್ನು ಮದುವೆಯಾಗಿ ತಂದ. ನನಗೆ ಹದಿನಾಲ್ಕು, ಅವಳಿಗೆ ಇಪ್ಪತ್ತೆರಡು. ಅವ್ವ ಅನ್ನು ಎಂದರು. ಚಿಕ್ಕವ್ವ ಎಂದೆ, ಅದನ್ನೂ ಹಲ್ಲು ಕಚ್ಚಿಕೊಂಡೇ. ಅವಳು ಒಳ್ಳೆಯವಳು. ಅದೇ ನನ್ನ ಹೊಟ್ಟೆ ಉರಿಸಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಗಣಿತ ಒಂದು ಉಳಿದುಹೋಗಿತ್ತು. ನಮ್ಮೂರ ಅಂಗನವಾಡಿ ಟೀಚರ್ ನಿವೃತ್ತಿಯಾಗುವವರಿದ್ದರು. ಪಾಸಾದರೆ ಆ ಕೆಲಸಕ್ಕೆ ಅರ್ಜಿ, ಇಲ್ಲವಾದರೆ ರಾಮನಗರದ ಫಿಲೇಚರಿನಲ್ಲಿ ರೇಷ್ಮೆಗೂಡು ಬೇಯುವ ನೀರಿಗೆ ಕೈ ಅದ್ದಿ ನೂಲು ಎಳೆಯುವುದು. ಒಂದೇ ಸಲ ಕಟ್ಟು, ಆಮೇಲೆ ಸುಮ್ಮನಿರು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ.

"ಒಸಿ ಹೇಳ್ಕೊಡು ಮಗಾ. ಈ ವಯಸ್ಸಿನ ಲೆಕ್ಕ ನನ್ ತಲೆಗೇ ಅತ್ತಾಕಿಲ್ಲ" ಎಂದು ನನ್ನ ಮುಂದೆ ಕೂತಳು.

ಗೊತ್ತಿಲ್ಲದ್ದನ್ನು x ಅಂದುಕೋ, ಎರಡೂ ಕಡೆ ಸಮ ಮಾಡು ಎಂದೆ. ನಾಲ್ಕು ದಿನಕ್ಕೇ ಕಲಿತುಬಿಟ್ಟಳು. ನನಗೆ ಸಿಟ್ಟು ಬಂತು. ನಮ್ಮಿಬ್ಬರ ವಯಸ್ಸನ್ನೇ ಲೆಕ್ಕ ಮಾಡಿ ಕೊಟ್ಟೆ: ಇನ್ನೆಷ್ಟು ವರ್ಷಕ್ಕೆ ನಿನ್ನ ವಯಸ್ಸು ನನ್ನದರ ಎರಡರಷ್ಟಾಗುತ್ತದೆ? ಅವಳು ಬರೆದಳು.

22 + x = 2(14 + x)
22 + x = 28 + 2x
x = –6

"ಮೈನಸ್ ಬಂತಲ್ಲ ಮಗಾ! ವಯಸ್ಸು ಎಲ್ಲಾರ ಮೈನಸ್ ಆಯ್ತದಾ?"

ನನಗೆ ಗೊತ್ತಿತ್ತು. ಇನ್ನು ಮುಂದೆ ಹಾಗಾಗುವುದಿಲ್ಲ, ಆರು ವರ್ಷದ ಹಿಂದೆಯೇ ಆಗಿಹೋಯಿತು ಎಂದು ಅರ್ಥ. ಆಗ ಅವಳಿಗೆ ಹದಿನಾರು, ನನಗೆ ಎಂಟು. ನಮ್ಮವ್ವ ಬದುಕಿದ್ದಳು. ಆ ಕಾಲದ ಮಾತನ್ನು ಇವಳಿಗೆ ನಾನ್ಯಾಕೆ ಬಿಡಿಸಿ ಹೇಳಲಿ?

"ಮೈನಸ್ ಬಂದ್ರೆ ಲೆಕ್ಕ ತಪ್ಪು ಅಂತ. ಪೂರ್ತಿ ಗೀಚಾಕ್ಬೇಕು, ಇಲ್ದಿದ್ರೆ ನೋಡೋರು ನಗ್ತಾರೆ" ಎಂದೆ. ಅವಳು ಅಡ್ಡಗೆರೆ ಎಳೆದಳು.

ಪರೀಕ್ಷೆಯಲ್ಲಿ ಅಂಥದ್ದೇ ಬಂತು. ತಂದೆಗೆ ಐವತ್ತು, ಮಗನಿಗೆ ಇಪ್ಪತ್ತು, ಎಷ್ಟು ವರ್ಷಗಳ ನಂತರ ತಂದೆಯ ವಯಸ್ಸು ಮಗನದರ ಮೂರರಷ್ಟು? "ಮೈನಸ್ ಐದು ಬಂತು ಕಣ್ ಮಗಾ. ಸದ್ಯ, ನೀನ್ ಹೇಳಿದ್ದು ಗ್ಯಾಪ್ಕ ಬಂತು, ಗೀಚಾಕ್ಬುಟ್ಟೆ" ಎಂದು ಬಸ್ಸಿಳಿದವಳೇ ಖುಷಿಯಿಂದ ಹೇಳಿದಳು. ಮೂವತ್ತೈದು ಬೇಕಿತ್ತು, ಮೂವತ್ತೆರಡು ಬಂತು. ಆ ಲೆಕ್ಕಕ್ಕೆ ನಾಲ್ಕು ಅಂಕ. ಅವಳು ಒಲೆಯ ಮುಂದೆ ಕೂತು ಅಳುತ್ತಿದ್ದ ದಿನ ನಾನು ಎರಡು ಮುದ್ದೆ ಉಂಡೆ. ಹಾಲು ಕುಡಿದಷ್ಟು ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಫಿಲೇಚರಿಗೆ ಹೋದಳು. ನನ್ನ ಬಿ.ಎಡ್. ಆದದ್ದು ಅವಳ ದುಡಿಮೆಯಲ್ಲೇ. "ನನ್ ಮಗ್ಳು ಚೆನ್ನಾಗೇ ಹೇಳ್ಕೊಟ್ಲು, ನನ್ ತಲೇಲಿ ಮಣ್ಣು" ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ಹೋದ ಭಾನುವಾರ ಕನಕಪುರದ ನಮ್ಮ ಮನೆಗೆ ಬಂದಿದ್ದಳು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಲೆಕ್ಕ ಮಾಡುತ್ತಿದ್ದಳು. ಉತ್ತರ ಮೈನಸ್ ಬಂತು. ಬೆಂದು ಬೆಂದು ತುದಿ ಬೆಳ್ಳಗಾದ ಬೆರಳನ್ನು ಪುಸ್ತಕದ ಮೇಲಿಟ್ಟು ಚಿಕ್ಕವ್ವ ಹೇಳಿದಳು: "ಗೀಚಾಕು ಕೂಸೇ. ಮೈನಸ್ ಬಂದ್ರೆ ತಪ್ಪು. ನಿಮ್ಮವ್ವನೇ ಹೇಳ್ಕೊಟ್ಟಿದ್ದು."

"ಇಲ್ಲ ಅಜ್ಜಿ, ಸರಿಯಾಗೇ ಇದೆ. ಅಷ್ಟು ವರ್ಷದ ಹಿಂದೇನೇ ಆಗೋಯ್ತು ಅಂತ ಅರ್ಥ."

ಚಿಕ್ಕವ್ವ ನನ್ನ ಕಡೆ ತಿರುಗಿದಳು. "ಅಂಗಾರೆ ಅವತ್ತು ನಂದು ಸರಿಯಾಗಿತ್ತಾ ಮಗಾ?"

ಮಗಳೂ ನನ್ನನ್ನೇ ನೋಡುತ್ತಿದ್ದಳು.

"ಅವ್ವಾ, ಆವಾಗ ಸಿಲಬಸ್ಸೇ ಬೇರೆ ಇತ್ತು" ಎಂದೆ.

ಅವಳನ್ನು ಅವ್ವ ಎಂದು ಕರೆದದ್ದು ಅದೇ ಮೊದಲು. ಅಷ್ಟಕ್ಕೇ ಅವಳ ಮುಖ ಅರಳಿತು. "ಅಂಗಾ? ನಾನ್ ಏನೋ ಅಂದ್ಕಂಡೆ" ಎಂದು ನನಗೆ ಕಾಫಿ ಮಾಡಲು ಎದ್ದಳು.